ಹದಿನೇಳನೇ ಬಂಡೆ

ಬೈತಕೋಲದ ನಮ್ಮ ಮನೆಗೆ ಎರಡು ಒಲೆ, ಒಂದೇ ವೈಫೈ.
ಕೆಳಗೆ ನಾವು. ಮೇಲೆ ರೋಯಿದಾಸ ಚಿಕ್ಕಪ್ಪನವರು.
ನಡುವಿನ ಮೆಟ್ಟಿಲ ಮೇಲೆ ಬೆಕ್ಕು, ಮತ್ತು
ಮಿಣುಕುವ ರೌಟರು, ಹಸಿರು ಕಣ್ಣು ನಾಲ್ಕು.

ಚಿಕ್ಕಪ್ಪ ಹೋದ ಚೌತಿಗೆ ಮುಂಚೆ ನಮ್ಮ ಬೋಟು ಬಿಟ್ಟು
ಬೇರೆಯವರ ಪರ್ಸೀನಿಗೆ ತಾಂಡೇಲನಾದ.
ಜಗಳವಿಲ್ಲ. ಬಂಗಡೆ ಸಾರು ಈಗಲೂ ಮೇಲೆ ಹೋಗುತ್ತದೆ,
ಪಾತ್ರೆ ತೊಳೆದು ಕೆಳಗೆ ಬರುತ್ತದೆ, ಖಾಲಿ ಬರುವುದಿಲ್ಲ.
ಆದರೆ ಒಂದು ರಾತ್ರಿ ಅಪ್ಪ ಬಲೆಯ ಹರಕು ಹೊಲಿಯುತ್ತ ಅಂದ:
"ಡೀಸೆಲ್ ಬಿಲ್ಲು ಎಲ್ಲರೂ ನೋಡಲಿ.
ಬಂಡೆಗಳ ಪಟ್ಟಿ ಮಾತ್ರ, ತನೂಜಾ, ಮೇಲಕ್ಕೆ ಹೋಗಕೂಡದು."

ಬಂಡೆಗಳ ಪಟ್ಟಿ ಅಂದರೆ ಇಪ್ಪತ್ಮೂರು ಜಾಗ:
ನೀರಡಿಯ ಕಲ್ಲು, ಇಸೋಣ ಬರುವ ತಿಂಗಳು, ಗೋಬ್ರ ಕೂರುವ ಪೊಟರೆ,
ಎಲ್ಲ ಡಿಗ್ರಿ ಮಿನಿಟಿನಲ್ಲಿ.
ಅಜ್ಜ ಕಣ್ಣಳತೆಯಲ್ಲಿ ಇಟ್ಟದ್ದು, ಜಿಪಿಎಸ್ ಬಂದಮೇಲೆ ಅಂಕಿಗೆ ಇಳಿದದ್ದು.
ನಾನು ಪಾಲಿಟೆಕ್ನಿಕ್ ಓದಿದವಳು, ಸಬ್ಸಿಡಿ ಅರ್ಜಿ ತುಂಬುವವಳು;
ಬೀಗ ಹಾಕುವುದೂ ನನ್ನ ಪಾಲಿಗೆ ಬಂತು.

ಮೊದಲು "ಎಲ್ಲರೂ" ಎಂಬ ಹೆಸರನ್ನು ಪಟ್ಟಿಯಿಂದ ತೆಗೆದೆ.
ಎಷ್ಟು ಸಲೀಸು! ಒಂದು ಕ್ಲಿಕ್ಕಿಗೆ
ಎಲ್ಲರೂ ಹೊರಗೆ.
ಆಮೇಲೆ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಕರೆದೆ:
ಅಪ್ಪನಿಗೆ ಓದು, ಬರೆ. ತಮ್ಮ ವಿರಾಜನಿಗೆ ಓದು ಮಾತ್ರ,
ಕಳೆದ ಸಲ ಒಂಬತ್ತನೇ ಬಂಡೆಯನ್ನು ಅಳಿಸಿ
ಎರಡು ದಿನ ಸುಮ್ಮನಿದ್ದವನು.
ಆಯಿಗೆ ಬಿಲ್ಲುಗಳು. ಆಯಿ ಅಂದಳು,
ನನಗೆಂಥ ಪಾಸ್‌ವರ್ಡು, ಕೂಗ್ತೇನೆ, ನೀನೇ ಓದಿ ಹೇಳು.
ಮೇಲಿನ ಮನೆಯ ಹೆಸರಿನ ಎದುರು
"ನಿರಾಕರಿಸು" ಎಂಬ ಚೌಕಕ್ಕೆ ಗುರುತು.
ಅದು ಎಚ್ಚರಿಸಿತು: ಹತ್ತು ಕಡೆ ಕೊಟ್ಟ ಅನುಮತಿಯನ್ನೂ
ಒಂದು ನಿರಾಕರಣೆ ಮೀರುತ್ತದೆ. ಮುಂದುವರಿಯಲೇ?
ಮುಂದುವರಿದೆ.
ಪರೀಕ್ಷೆಗೆಂದು ಮೇಲೆ ಹೋದೆ. ಅವರ ಕಂಪ್ಯೂಟರಿನಲ್ಲೇ,
ಚಿಕ್ಕಮ್ಮ ಕೊಟ್ಟ ಮುರುಗಲ ಪಾನಕ ಕುಡಿಯುತ್ತ,
ಫೋಲ್ಡರು ತೆರೆಯದಿರುವುದನ್ನು ಕಣ್ಣಾರೆ ನೋಡಿದೆ.
ಬೀಗ ಸರಿಯಿತ್ತು. ಪಾನಕ ಅರ್ಧಕ್ಕೇ ಬಿಟ್ಟೆ.

ಮೂರನೇ ದಿನ ಚಿಕ್ಕಪ್ಪ ಮೆಟ್ಟಿಲ ಮೇಲೆ ಸಿಕ್ಕ, ಬೆಕ್ಕಿನ ಪಕ್ಕ.
"ಹಾಕಿದ್ಯಾ?" ಅಂದ. ಹೂಂ ಅಂದೆ.
"ಒಳ್ಳೇದು. ನನಗೆ ಬೇಡ ಅದು.
ಆದರೆ ಹದಿನೇಳನೇದು ತಪ್ಪಿದೆ.
ಅಂಕಿ ಬರೆಸಿದ ದಿನ ಅಲೆ ದೊಡ್ಡದಿತ್ತು, ಬೋಟು ಸರಿದಿತ್ತು.
ಆಮೇಲೆ ತಿದ್ದುವಾ ಅಂದೆ, ಹಾಗೇ ಉಳೀತು.
ದೇವಗಡದ ದೀಪ ಹಿಂದಿನ ಗುಡ್ಡದ ಸೀಳಿಗೆ ಸರಿಯಾಗಿ ಕೂರಬೇಕು,
ಸದಾಶಿವಗಡ ಅಲ್ಲಿಂದ ಎಡಕ್ಕೆ ನಾಲ್ಕು ಬೆರಳು.
ನಿಮ್ಮ ಅಂಕಿಗೆ ಹೋದರೆ ಮೂರೇ. ಅಲ್ಲಿ ಮುಳುಗಿದ ಬಾರ್ಜಿನ ಕಬ್ಬಿಣ.
ಬಲೆ ಹಾಕಿದರೆ ಬಲೆ ಇಲ್ಲ."
ಕೈ ಚಾಚಿ, ಒಂದು ಕಣ್ಣು ಮುಚ್ಚಿ,
ನಮ್ಮ ಮನೆಯ ಗೋಡೆಯ ಮೇಲೆ ಗುಡ್ಡ ಅಳೆದು ತೋರಿಸಿದ.
ಇಪ್ಪತ್ಮೂರೂ ಆ ಬೆರಳುಗಳಲ್ಲಿದ್ದವು.
ನಾನು ಬೀಗ ಹಾಕಿದ್ದು ಯಾವುದಕ್ಕೆ?

ಅಪ್ಪನಿಗೆ ಹೇಳಿದೆ. ಅಪ್ಪ ಬಲೆ ಸೂಜಿ ಬಾಯಲ್ಲಿಟ್ಟುಕೊಂಡು
ಬಹಳ ಹೊತ್ತು ದಾರದ ಗಂಟು ಬಿಡಿಸಿದ.
"ತಿದ್ದು" ಅಂದ. ಆಮೇಲೆ, "ಅವನಿಗೆ ತೆರೀಬೇಡ."

ಅದಕ್ಕೂ ಒಂದು ದಾರಿ ಇದೆ:
ಹಾಕಬಹುದು, ನೋಡುವಂತಿಲ್ಲ.
ಅಂಚೆ ಡಬ್ಬಿಯ ಹಾಗೆ. ಕಾಗದ ಒಳಗೆ ಬೀಳುತ್ತದೆ,
ಬಿದ್ದಮೇಲೆ ಹಾಕಿದವನಿಗೂ ಸಿಕ್ಕದು.
ಮೇಲಿನವರಿಗೆಂದು ಅಂಥದೊಂದು ಫೋಲ್ಡರು ಮಾಡಿ
"ಮೆಟ್ಟಿಲು" ಅಂತ ಹೆಸರಿಟ್ಟೆ.

ನಿನ್ನೆ ಬೆಳಗ್ಗೆ ಅದರಲ್ಲಿ ಎರಡು ಫೈಲು.
ಒಂದರಲ್ಲಿ ಹದಿನೇಳರ ಅಂಕಿ.
ಇನ್ನೊಂದರಲ್ಲಿ, ಕಾಗುಣಿತ ತಪ್ಪಿ:
"ಬುದವಾರ ನೀರು ತೆಂಕಕ್ಕೆ ಎಳಿತದೆ. ಅಣ್ಣಂಗೆ ಹೇಳು,
ಬೇಗ ತಿರುಗು ಅಂತ."
ಅಪ್ಪನಿಗೆ ಆ ಫೋಲ್ಡರಿನಲ್ಲಿ ಓದು ಇದೆ, ಅಳಿಸುವುದೂ ಇದೆ.
ಬಂದು ನನ್ನ ಹೆಗಲ ಹಿಂದೆ ನಿಂತು ಓದಿದ, ಎರಡು ಸಲ.
"ಇರಲಿ" ಅಂದು ಹೊರಟ.